ಜವಳಿ ಅಂಗಡಿಯ ವಿಳಾಸದಲ್ಲಿ ಅಡಿಕೆ ಮಂಡಿ

ದಾವಣಗೆರೆಯ ವಿದ್ಯಾನಗರದಲ್ಲಿರುವ ನನ್ನ ಪುಟ್ಟ ಕಚೇರಿಯಿಂದ ಏಳು ಜಾಲತಾಣಗಳ ಉಸ್ತುವಾರಿ ನಡೆಯುತ್ತದೆ. ಒಂದು ಜವಳಿ ಅಂಗಡಿ, ಚನ್ನಗಿರಿ ಕಡೆಯ ಒಂದು ಅಡಿಕೆ ಮಂಡಿ, ಒಂದು ಬೆಣ್ಣೆದೋಸೆ ಹೋಟೆಲು, ಒಂದು ಟ್ಯುಟೋರಿಯಲ್ಲು, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದವು. ಪ್ರತಿಯೊಂದಕ್ಕೂ ಅದರದೇ ಡೊಮೈನ್ ಹೆಸರಿದೆ, ಆದರೆ ಎಲ್ಲವೂ ಇರುವುದು ಬಾಡಿಗೆಗೆ ಪಡೆದ ಒಂದೇ ಉಬುಂಟು ಸರ್ವರಿನಲ್ಲಿ, ಕೇಳಿದವರಿಗೆ ಪುಟಗಳನ್ನು ಒದಗಿಸುವ ಎಂಜಿನ್‌ಎಕ್ಸ್ ಎಂಬ ತಂತ್ರಾಂಶದ ಕೈಕೆಳಗೆ.

ಒಂದು ಬೆಳಿಗ್ಗೆ ಜವಳಿ ಅಂಗಡಿಯ ಮಾಲೀಕರು ಫೋನ್ ಮಾಡಿದರು. “ಏನ್ ಸಾರ್ ಇದು, ನಮ್ಮ ಅಂಗಡಿ ಹೆಸ್ರು ಹೊಡೆದ್ರೆ ಅಡಿಕೆ ರೇಟು ತೋರಿಸ್ತೈತಲ್ಲ?” ನಾನು ಕೂತಲ್ಲೇ ತೆರೆದು ನೋಡಿದೆ. ಸೀರೆಗಳ ಚಿತ್ರಗಳೆಲ್ಲ ಇದ್ದ ಹಾಗೆಯೇ ಇದ್ದವು. “ನನ್ನ ಕಡೆ ಸರಿಯಾಗೇ ಬರ್ತಿದೆ ಸಾವ್ಕಾರ್ರೇ, ಒಮ್ಮೆ ಹಿಸ್ಟರಿ ಅಳಿಸಿ ನೋಡಿ” ಎಂದೆ. ಅವರು ಬಿಡಲಿಲ್ಲ: “ಅಂಗಡಿ ಕಂಪ್ಯೂಟರ್‌ನಾಗೆ ಸರಿ ಐತಿ, ಮೊಬೈಲ್‌ನಾಗೆ ಮಾತ್ರ ಹಿಂಗೆ.” ಇಡೀ ರೋಗದ ಗುರುತು ಆ ಒಂದು ಮಾತಿನಲ್ಲೇ ಇತ್ತು. ಆದರೆ ಅದನ್ನು ಕಿವಿಗೆ ಹಾಕಿಕೊಳ್ಳದೆ ನಾನು ಅರ್ಧ ದಿನ ಕಳೆದುಕೊಂಡೆ.

ಆ ಅರ್ಧ ದಿನದಲ್ಲಿ ಮಾಡಿದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎರಡು ವಾರದ ಹಿಂದಷ್ಟೇ ಮೂರು ಡೊಮೈನ್‌ಗಳ ಡಿಎನ್‌ಎಸ್ ವ್ಯವಸ್ಥೆಯನ್ನು, ಅಂದರೆ ಹೆಸರಿಗೆ ತಕ್ಕ ಐಪಿ ವಿಳಾಸ ಹೇಳುವ ದಾಖಲೆಗಳನ್ನು, ಬೇರೊಂದು ಕಡೆಗೆ ಸಾಗಿಸಿದ್ದರಿಂದ ಎಲ್ಲೋ ಹಳೆಯ ದಾಖಲೆ ಉಳಿದುಕೊಂಡಿರಬೇಕೆಂದು ಊಹಿಸಿ ಒಂದು ಗಂಟೆ ಕಾದೆ. ಎಂಜಿನ್‌ಎಕ್ಸ್‌ಅನ್ನು ನಿಲ್ಲಿಸಿ ಮತ್ತೆ ಹೊರಡಿಸಿದೆ. ಅದರ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಕಡತದಲ್ಲಿ ಡೊಮೈನ್ ಹೆಸರಿನ ಕಾಗುಣಿತವನ್ನು ಮೂರು ಸಲ ಓದಿದೆ. ಯಾವುದರಲ್ಲೂ ತಪ್ಪು ಸಿಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಭೇಟಿಗಳ ದಾಖಲೆಯಾದ ಲಾಗ್ ತೆರೆದಾಗ ಇನ್ನೊಂದು ಕೊರತೆ ಕಂಡಿತು. ಏಳೂ ತಾಣಗಳ ಲಾಗ್ ಒಂದೇ ಕಡತಕ್ಕೆ ಹೋಗುತ್ತಿತ್ತು, ಮತ್ತು ಎಂಜಿನ್‌ಎಕ್ಸ್ ತಾನಾಗಿಯೇ ಬಳಸುವ ಲಾಗ್ ಮಾದರಿಯಲ್ಲಿ ಭೇಟಿಗಾರರು ಯಾವ ಡೊಮೈನ್ ಕೇಳಿ ಬಂದರೆಂಬುದು ದಾಖಲಾಗುವುದೇ ಇಲ್ಲ. ಹಲವು ಡೊಮೈನ್‌ಗಳನ್ನು ಒಟ್ಟಿಗೆ ನಡೆಸುವವರು ಮೊದಲ ದಿನವೇ ಸರಿಪಡಿಸಿಕೊಳ್ಳಬೇಕಾದದ್ದು ಇದು, ನಾನು ನಾಲ್ಕು ವರ್ಷ ಮಾಡಿರಲಿಲ್ಲ. ಕೇಳಿದ ಹೆಸರು ಒಂದು ಕಂಬಸಾಲಿನಲ್ಲಿ, ಉತ್ತರ ಕೊಟ್ಟ ಬ್ಲಾಕ್‌ನ (ಕಾನ್ಫಿಗ್‌ನಲ್ಲಿ ಒಂದೊಂದು ತಾಣಕ್ಕೆ ಮೀಸಲಾದ ಭಾಗದ) ಹೆಸರು ಇನ್ನೊಂದರಲ್ಲಿ ಬರುವಂತೆ ಲಾಗ್ ಮಾದರಿಯನ್ನು ಬದಲಾಯಿಸಿ ಕಾದೆ. ಹತ್ತು ನಿಮಿಷದೊಳಗೆ ಚಿತ್ರ ಸಿಕ್ಕಿತು. ಜವಳಿ ಅಂಗಡಿಯನ್ನು ಕೇಳಿ ಬಂದ ಕೆಲವರಿಗೆ ಅಡಿಕೆ ಮಂಡಿಯ ಬ್ಲಾಕ್ ಉತ್ತರ ಕೊಡುತ್ತಿತ್ತು, ಹಾಗೆ ದಾರಿ ತಪ್ಪಿದ ಪ್ರತಿಯೊಬ್ಬರ ಐಪಿ ವಿಳಾಸದಲ್ಲೂ ಚುಕ್ಕಿಗಳ ಬದಲು ಕೋಲನ್‌ಗಳಿದ್ದವು. ಅಂದರೆ ಅವರೆಲ್ಲ ಅಂತರ್ಜಾಲದ ಹೊಸ ವಿಳಾಸ ಪದ್ಧತಿಯಾದ ಐಪಿವಿ 6ರ ಮೂಲಕ ಬಂದವರು. ಚುಕ್ಕಿಗಳಿರುವುದು ಹಳೆಯ ಐಪಿವಿ 4ರಲ್ಲಿ.

ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಒಂದೇ ವಿಳಾಸದಲ್ಲಿ ಹಲವು ಡೊಮೈನ್‌ಗಳು ಬಾಳುವುದು ವಠಾರದಲ್ಲಿ ಹಲವು ಸಂಸಾರಗಳು ಬಾಳಿದ ಹಾಗೆ. ಬಂದವರು ಬಾಗಿಲಲ್ಲಿ ಹೆಸರು ಹೇಳಬೇಕು, ಒಳಗಿನವರು ತಕ್ಕ ಮನೆಗೆ ಕಳಿಸಬೇಕು. ಬ್ರೌಸರ್ ಹೀಗೆ ಹೆಸರು ಹೇಳುವುದನ್ನು ಎಚ್‌ಟಿಟಿಪಿ 1.1 ಎಂಬ ನಿಯಮಾವಳಿ 1997ರಲ್ಲಿ ಕಡ್ಡಾಯ ಮಾಡಿತು. ಎಚ್‌ಟಿಟಿಪಿಎಸ್‌ನಲ್ಲಿ ಗೂಢಲಿಪಿಯ ಮಾತುಕತೆ ಶುರುವಾಗುವಾಗಲೇ ಹೆಸರು ಹೇಳುವ ಎಸ್‌ಎನ್‌ಐ ಎಂಬ ಏರ್ಪಾಡು 2003ರಲ್ಲಿ ಸೇರಿತು. ಆದರೆ ಎಂಜಿನ್‌ಎಕ್ಸ್‌ನ ಮಟ್ಟಿಗೆ ಐಪಿವಿ 4ರ 443ನೇ ಪೋರ್ಟ್ ಮತ್ತು ಐಪಿವಿ 6ರ 443ನೇ ಪೋರ್ಟ್ ಎರಡು ಬೇರೆ ಬಾಗಿಲುಗಳು. ಪ್ರತಿ ತಾಣದ ಬ್ಲಾಕ್‌ನಲ್ಲೂ ಎರಡಕ್ಕೂ ಪ್ರತ್ಯೇಕವಾಗಿ ‘ಲಿಸನ್’ ಸಾಲು ಬರೆಯಬೇಕು. ಒಂದು ಬಾಗಿಲಿಗೆ ಬಂದವರ ಹೆಸರು ಅಲ್ಲಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಎಂಜಿನ್‌ಎಕ್ಸ್ ಇಲ್ಲವೆಂದು ಹೇಳುವುದಿಲ್ಲ. ಡಿಫಾಲ್ಟ್ ಯಾವುದೆಂದು ನಾವು ಗೊತ್ತುಮಾಡಿರದಿದ್ದರೆ, ಆ ಬಾಗಿಲಿನ ಮೊದಲ ಬ್ಲಾಕ್‌ಗೆ ಅವರನ್ನು ಸುಮ್ಮನೆ ದಾಟಿಸಿಬಿಡುತ್ತದೆ.

ನಾನು ಹಿಂದೊಮ್ಮೆ ಪ್ರಯೋಗಕ್ಕೆಂದು ಐಪಿವಿ 6ರ ಸಾಲನ್ನು ಅಡಿಕೆ ಮಂಡಿಯ ಬ್ಲಾಕ್‌ಗೆ ಮಾತ್ರ ಸೇರಿಸಿದ್ದೆ. ಆಗ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ, ಏಕೆಂದರೆ ಉಳಿದ ಡೊಮೈನ್‌ಗಳ ಡಿಎನ್‌ಎಸ್‌ನಲ್ಲಿ ಐಪಿವಿ 6 ವಿಳಾಸ ಹೇಳುವ ನಾಲ್ಕು ‘ಎ’ಗಳ ದಾಖಲೆಯೇ ಇರಲಿಲ್ಲ. ಡಿಎನ್‌ಎಸ್ ಸಾಗಿಸುವಾಗ ಕೆಲಸ ಹಗುರವಾಗಲೆಂದು ಅಡಿಕೆ ಮಂಡಿಯ ದಾಖಲೆಗಳನ್ನೇ ನಕಲು ಮಾಡಿ ಹೆಸರು ಬದಲಿಸಿದೆ. ಆ ದಾಖಲೆಯೂ ಜೊತೆಗೆ ಬಂದು ಕೂತಿತು. ನನ್ನ ಕಚೇರಿಯ ಮತ್ತು ಅಂಗಡಿಯ ಬ್ರಾಡ್‌ಬ್ಯಾಂಡ್‌ಗಳು ಐಪಿವಿ 4 ಮಾತ್ರ ಬಲ್ಲವು, ಮೊಬೈಲ್ ಜಾಲವೋ ಐಪಿವಿ 6ಅನ್ನೇ ಮೊದಲು ಹಿಡಿಯುತ್ತದೆ. ಸಾವ್ಕಾರ್ರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಹಾಗಿದ್ದರೆ ಬ್ರೌಸರ್ ಯಾಕೆ ಎಚ್ಚರಿಕೆ ಕೊಡಲಿಲ್ಲ ಎಂಬ ಪ್ರಶ್ನೆ ಉಳಿಯಿತು. ಉತ್ತರ ನನ್ನ ಸೋಮಾರಿತನದಲ್ಲೇ ಇತ್ತು. ತಾಣದ ಗುರುತನ್ನು ಬ್ರೌಸರ್‌ಗೆ ಸಾಬೀತುಪಡಿಸುವ ಸರ್ಟಿಫಿಕೇಟ್‌ಗಳನ್ನು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ, ಒಂದು ಸರ್ಟಿಫಿಕೇಟ್‌ನಲ್ಲಿ 100 ಹೆಸರುಗಳವರೆಗೆ ಸೇರಿಸಲು ಬಿಡುವುದರಿಂದ ಏಳೂ ಡೊಮೈನ್‌ಗಳಿಗೆ ಒಂದೇ ಸರ್ಟಿಫಿಕೇಟ್ ಮಾಡಿಸಿದ್ದೆ. ಅಡಿಕೆ ಮಂಡಿಯ ಬ್ಲಾಕ್ ತೋರಿಸಿದ ಸರ್ಟಿಫಿಕೇಟ್‌ನಲ್ಲಿ ಜವಳಿ ಅಂಗಡಿಯ ಹೆಸರೂ ಇದ್ದುದರಿಂದ ಬ್ರೌಸರ್‌ಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಆ ಸರ್ಟಿಫಿಕೇಟ್‌ನ ನವೀಕರಣ ಹನ್ನೆರಡು ದಿನದಿಂದ ಸೋಲುತ್ತಿತ್ತು. ಡೊಮೈನ್ ನಮ್ಮದೇ ಎಂದು ಪರೀಕ್ಷಿಸಲು ಬರುವ ಲೆಟ್ಸ್ ಎನ್‌ಕ್ರಿಪ್ಟ್, ಐಪಿವಿ 6 ವಿಳಾಸವಿದ್ದರೆ ಅದನ್ನೇ ಮೊದಲು ಬಳಸುತ್ತದೆ. ಅದೂ ಅಡಿಕೆ ಮಂಡಿಗೆ ಹೋಗಿ, ಹುಡುಕಿದ ಕಡತ ಸಿಗದೆ 404 ಪಡೆದು ಮರಳಿತ್ತು. ನವೀಕರಣ ಮಾಡುವ ಸರ್ಟ್‌ಬಾಟ್ ತಂತ್ರಾಂಶದ ಲಾಗ್‌ನಲ್ಲಿ ಆ ಕೋಲನ್‌ಗಳ ವಿಳಾಸ ದಿನಕ್ಕೆ ಎರಡು ಸಲ ಅಚ್ಚಾಗಿ ಕೂತಿತ್ತು. ನಾನು ತೆರೆದೇ ನೋಡಿರಲಿಲ್ಲ.

ಊಹೆಯನ್ನು ಖಚಿತಪಡಿಸಿಕೊಳ್ಳಲು ಪುಟವನ್ನು ತರಿಸಿ ನೋಡುವ ಕರ್ಲ್ ಆಜ್ಞೆಯನ್ನು ಬಳಸಿದೆ. ಅದಕ್ಕೆ 4 ಅಥವಾ 6 ಎಂಬ ಆಯ್ಕೆ ಕೊಟ್ಟರೆ ಅದೇ ದಾರಿಯಲ್ಲೇ ಹೋಗುತ್ತದೆ. ಕಚೇರಿಯಿಂದ 6 ಕೊಟ್ಟಾಗ ಸಂಪರ್ಕವೇ ಆಗಲಿಲ್ಲ, ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸಿದ ಮೇಲೆ ಅಡಿಕೆ ಮಂಡಿ ಬಂತು. ಆಮೇಲೆ ಎಂಜಿನ್‌ಎಕ್ಸ್‌ಗೆ ದೊಡ್ಡಕ್ಷರದ ‘ಟಿ’ ಆಯ್ಕೆ ಕೊಟ್ಟು, ಅದು ಓದುವ ಪೂರ್ತಿ ಕಾನ್ಫಿಗ್ಅನ್ನು ಒಂದೇ ಕಡೆ ಅಚ್ಚು ಹಾಕಿಸಿ, ‘ಲಿಸನ್’ ಸಾಲುಗಳನ್ನು ಎಣಿಸಿದೆ. ಚಿಕ್ಕಕ್ಷರದ ‘ಟಿ’ ಬರಿಯ ವ್ಯಾಕರಣ ನೋಡಿ ಎಲ್ಲ ಸರಿಯಿದೆ ಎನ್ನುತ್ತದೆ, ಅದನ್ನೇ ನಂಬಿದವರು ನನ್ನ ಹಾಗೆ ಅರ್ಧ ದಿನ ಕಳೆಯುತ್ತಾರೆ. ಐಪಿವಿ 6ರ ಸಾಲು ಒಂದೇ ಎರಡೂ ಬಾಗಿಲುಗಳಿಗೆ ಸಾಕು ಎಂಬ ಹಳೆಯ ಸಲಹೆಯೂ ನನ್ನ ತಲೆಯಲ್ಲಿತ್ತು. ಎಂಜಿನ್‌ಎಕ್ಸ್‌ನ 2012ರ 1.3.4ನೇ ಆವೃತ್ತಿಯಿಂದ ಅದು ತಾನಾಗಿ ನಡೆಯುವುದಿಲ್ಲ.

ಸರಿಪಡಿಸಲು ಕಾಲು ಗಂಟೆ ಹಿಡಿಯಿತು. ಏಳೂ ಬ್ಲಾಕ್‌ಗಳಿಗೆ ಎಚ್‌ಟಿಟಿಪಿಯ 80 ಮತ್ತು ಎಚ್‌ಟಿಟಿಪಿಎಸ್‌ನ 443ನೇ ಪೋರ್ಟ್‌ಗಳ ಐಪಿವಿ 6 ಸಾಲುಗಳನ್ನು ಬರೆದು ರೀಲೋಡ್ ಮಾಡಿದೆ. ಅದರ ಮುಂದಿನ ಕೆಲಸವೇ ನನಗೆ ಹೆಚ್ಚು ಮುಖ್ಯವೆನಿಸಿತು. ಯಾವ ಗಿರಾಕಿಗೂ ಸೇರದ ಒಂದು ಬ್ಲಾಕ್ ಮಾಡಿ, ನಾಲ್ಕೂ ಬಾಗಿಲುಗಳಲ್ಲಿ ಅದನ್ನೇ ಡಿಫಾಲ್ಟ್ ಸರ್ವರ್ ಎಂದು ಗೊತ್ತುಮಾಡಿದೆ. ಗುರುತಿಲ್ಲದ ಹೆಸರು ಹೇಳಿ ಬಂದವರಿಗೆ 80ರಲ್ಲಿ 444 ಸಂಕೇತದೊಡನೆ, ಅಂದರೆ ಉತ್ತರವನ್ನೇ ಕೊಡದೆ, ಸಂಪರ್ಕ ಮುಚ್ಚುತ್ತದೆ. 443ರಲ್ಲಿ ‘ಎಸ್‌ಎಸ್‌ಎಲ್ ರಿಜೆಕ್ಟ್ ಹ್ಯಾಂಡ್‌ಶೇಕ್’ ಎಂಬ ಆದೇಶ ಅವರನ್ನು ಹೊಸ್ತಿಲಲ್ಲೇ ತಿರುಗಿಸುತ್ತದೆ. ಇದು 2020ರ 1.19.4ನೇ ಆವೃತ್ತಿಯಿಂದ ಲಭ್ಯವಿದೆ. ಸರ್ಟಿಫಿಕೇಟ್‌ಗಳನ್ನೂ ಡೊಮೈನ್‌ಗೆ ಒಂದರಂತೆ ಬಿಡಿಸಿದೆ. ಇನ್ನು ಮುಂದೆ ತಪ್ಪಾದರೆ ಅದು ದೊಡ್ಡ ಎಚ್ಚರಿಕೆಯಾಗಿ ಕಾಣಲಿ, ಮತ್ತೊಬ್ಬರ ಅಂಗಡಿಯಾಗಿ ಕಾಣುವುದು ಬೇಡ.

ಈಗ ದಿನವೂ ಬೆಳಿಗ್ಗೆ ಆರಕ್ಕೆ ಒಂದು ಸಣ್ಣ ಸ್ಕ್ರಿಪ್ಟ್ ಹೊರಗಿನ ಇನ್ನೊಂದು ಯಂತ್ರದಿಂದ ಪ್ರತಿ ಡೊಮೈನ್ಅನ್ನೂ ಎರಡೂ ದಾರಿಗಳಲ್ಲಿ ಕೇಳಿ, ಬಂದ ಪುಟದ ಶೀರ್ಷಿಕೆ ಆ ಡೊಮೈನ್‌ನದೇ ಹೌದೇ ಎಂದು ಹೋಲಿಸಿ ನೋಡುತ್ತದೆ. ಮೊನ್ನೆ ಎಂಟನೆಯ ತಾಣವೊಂದನ್ನು ಸೇರಿಸಿದ ಮರುದಿನವೇ ಅದು ದೂರು ಕಳಿಸಿತು. ಹೊಸ ಬ್ಲಾಕ್‌ನಲ್ಲಿ ಐಪಿವಿ 6ರ ಸಾಲು ಬರೆಯುವುದನ್ನು ನಾನು ಮತ್ತೆ ಮರೆತಿದ್ದೆ.