ಫೇಸ್‌ಆಫ್‌ನಲ್ಲಿ ಎದುರಾಳಿ ನಿಮಗಿಂತ ಫಾಸ್ಟ್ ಇದ್ರೆ ಏನ್ ಮಾಡ್ಬೇಕು

ಮಗ ಎಂಟನೇ ಕ್ಲಾಸಲ್ಲಿದ್ದಾಗ ಒಂದು ಶನಿವಾರದ ಲಕ್ರಾಸ್ ಮ್ಯಾಚಲ್ಲಿ ಸತತವಾಗಿ ಹನ್ನೊಂದು ಫೇಸ್‌ಆಫ್ ಸೋತ. ಎದುರಿಗಿದ್ದ ಹುಡುಗ ವಿಷಲ್ ಆಗೋದೇ ತಡ ಚೆಂಡಿನ ಮೇಲೆ ಸ್ಟಿಕ್ ಒತ್ತಿ ಕೂತ್ಬಿಡ್ತಿದ್ದ, ನಮ್ಮೋನು ಕೈ ತಿರುಗಿಸೋ ಹೊತ್ತಿಗೆ ಎಲ್ಲಾ ಮುಗಿದಿರೋದು. ಕಾರಲ್ಲಿ ಬರ್ತಾ "ಅಪ್ಪಾ, ಅವನ ಕೈ ನನಗಿಂತ ಫಾಸ್ಟು, ಏನ್ ಮಾಡಿದ್ರೂ ಆಗಲ್ಲ" ಅಂದ. ಆಗ ನನ್ನ ಹತ್ರ ಉತ್ತರ ಇರ್ಲಿಲ್ಲ. ಮೇರಿಲ್ಯಾಂಡಲ್ಲಿ ನಾವಿರೋ ಕಡೆ ವಸಂತ ಬಂದ್ರೆ ಮಕ್ಕಳ ಕೈಲೆಲ್ಲ ಲಕ್ರಾಸ್ ಸ್ಟಿಕ್ಕೇ. ಆಮೇಲಿನ ನಾಕು ವರ್ಷ ಅವನ ಕೋಚ್‌ಗಳು ಹೇಳ್ಕೊಟ್ಟಿದ್ದು, ಗ್ರೌಂಡ್ ಪಕ್ಕ ನಿಂತು ನಾನು ನೋಡಿದ್ದು, ಎರಡೂ ಸೇರಿಸಿ ಇಲ್ಲಿ ಬರೀತಿದೀನಿ. ಇದೇ ಕಷ್ಟದಲ್ಲಿರೋ ಮಕ್ಕಳು ನಮ್ಮವರ ಮನೆಗಳಲ್ಲೂ ಇದಾರೆ.

ಆಟ ಗೊತ್ತಿಲ್ದೋರಿಗೆ ಚುಟುಕಾಗಿ ಹೇಳ್ತೀನಿ. ಸ್ಟಿಕ್ಕಿನ ತುದೀಲಿ ಬಲೆ ಕಟ್ಟಿದ ಹೆಡ್ ಇರತ್ತೆ, ಅದರಲ್ಲೇ ಚೆಂಡು ಹಿಡಿದು ಎಸೆದು ಗೋಲ್ ಹೊಡೀತಾರೆ. ಗಂಡುಮಕ್ಕಳ ಫೀಲ್ಡ್ ಲಕ್ರಾಸಲ್ಲಿ ಒಂದೊಂದು ಟೀಮಿಗೆ ಹತ್ತು ಜನ. ಪ್ರತಿ ಕ್ವಾರ್ಟರ್ ಶುರುವಾಗುವಾಗ, ಪ್ರತಿ ಗೋಲ್ ಆದ್ಮೇಲೆ ಚೆಂಡನ್ನ ಮೈದಾನದ ನಡುಮಧ್ಯ ಇಡ್ತಾರೆ, ಎರಡೂ ಕಡೆಯಿಂದ ಒಬ್ಬೊಬ್ಬ ಬಂದು ಬಗ್ಗಿ ಸ್ಟಿಕ್ ನೆಲಕ್ಕಿಡ್ತಾನೆ, ರೆಫ್ರೀ "ಡೌನ್" ಅಂತಾರೆ, "ಸೆಟ್" ಅಂತಾರೆ, ವಿಷಲ್ ಊದ್ತಾರೆ, ಇಬ್ಬರೂ ಚೆಂಡಿಗೆ ಬೀಳ್ತಾರೆ. ಇದೇ ಫೇಸ್‌ಆಫ್. ಸ್ಕೋರ್ 12-10 ಆದ ಮ್ಯಾಚಲ್ಲಿ ಹೆಚ್ಚುಕಮ್ಮಿ 26 ಫೇಸ್‌ಆಫ್ ಬರತ್ತೆ. ಅಷ್ಟನ್ನೂ ಒಬ್ಬನೇ ಗೆಲ್ತಾ ಹೋದ್ರೆ ಇನ್ನೊಂದು ಟೀಮಿಗೆ ಚೆಂಡೇ ಸಿಗಲ್ಲ. ಅದಕ್ಕೇ ಇದೊಂದು ಕೆಲಸಕ್ಕೆ ಅಂತಲೇ ಹುಡುಗರನ್ನ ತಯಾರು ಮಾಡ್ತಾರೆ, ಫೋಗೋ ಅಂತಾರೆ ಅವರನ್ನ, ಫೇಸ್‌ಆಫ್ ಮಾಡಿ ಓಡಿ ಆಚೆ ಬರೋನು. ಹೆಣ್ಣುಮಕ್ಕಳ ಆಟದಲ್ಲಿ ಇದರ ಬದಲಿಗಿರೋ ಡ್ರಾ ಬೇರೆ ರೀತಿ, ಅದು ಇಲ್ಲಿಲ್ಲ.

ಮೊದಲು ತಲೇಲಿ ಒಂದು ವಿಷ್ಯ ಕೂರ್ಬೇಕು. ಫಾಸ್ಟ್ ಇರೋನು ಗೆಲ್ಲೋದು ಕ್ಲಾಂಪ್, ಅಂದ್ರೆ ಸ್ಟಿಕ್ಕಿನ ಹೆಡ್ ಮಗುಚಿ ಚೆಂಡನ್ನ ಬಲೆ ಕೆಳಗೆ ಒತ್ತೋದು. ಆದ್ರೆ ಚೆಂಡನ್ನ ಹಾಗೇ ಒತ್ಕೊಂಡು ಕೂರೋ ಹಾಗಿಲ್ಲ, ಕೂತ್ರೆ ರೆಫ್ರೀ ವಿಷಲ್ ಊದಿ ಚೆಂಡು ನಿಮಗೇ ಕೊಡ್ತಾರೆ. ಅವನು ಅದನ್ನ ಆಚೆ ತೆಗೀಲೇಬೇಕು, ಹಿಂದಕ್ಕೋ ಮುಂದಕ್ಕೋ ಪಕ್ಕಕ್ಕೋ. ಅದಕ್ಕೆ ಎಕ್ಸಿಟ್ ಅಂತಾರೆ. ನಿಮ್ಮ ಮ್ಯಾಚ್ ಇರೋದು ಅಲ್ಲಿ. ಇದು ಅರ್ಥ ಆದ ದಿನ ನನ್ನ ಮಗನ ಮುಖ ನೋಡ್ಬೇಕಿತ್ತು, ಸೋತ ಅಂತ ಅಂದ್ಕೊಂಡಿದ್ದ ಜಾಗದಲ್ಲಿ ಆಟ ಶುರುವಾಗತ್ತೆ ಅಂತ ಯಾರೂ ಅವನಿಗೆ ಹೇಳಿರ್ಲಿಲ್ಲ.

ಈಗ ನಿಲ್ಲೋದ್ರಿಂದ ಶುರು ಮಾಡೋಣ. 2021ರ ಸೀಸನ್ನಿಂದ ಅಮೆರಿಕದ ಕಾಲೇಜ್ ಆಟದಲ್ಲಿ ಮಂಡಿ ನೆಲಕ್ಕೆ ಊರೋ ಹಾಗಿಲ್ಲ, ಬೈಕ್ ಹ್ಯಾಂಡಲ್ ಹಿಡಿದ ಹಾಗೆ ಹಿಡಿಯೋ ಮೋಟೋ ಗ್ರಿಪ್ಪೂ ಬಂದ್. ನಿಮ್ಮ ಲೀಗಿನ ರೂಲ್ ಏನೇ ಇರ್ಲಿ ಮಂಡಿ ಎತ್ತಿ ನಿಂತೇ ಕಲೀರಿ, ಆಮೇಲೆ ಬದಲಾಯಿಸ್ಕೊಳ್ಳೋದು ಭಾರೀ ಕಷ್ಟ. ಬಲಗೈ ಹೆಡ್‌ಗೆ ಹತ್ರ, ಆದ್ರೆ ಹೆಡ್ಡಿನ ಪ್ಲಾಸ್ಟಿಕ್ ಮುಟ್ಟೋ ಹಾಗಿಲ್ಲ. ಸೊಂಟ ತಗ್ಗಿರ್ಬೇಕು, ಬೆನ್ನು ಕಮಾನಾಗ್ಬಾರ್ದು. ತುಂಬಾ ಮಕ್ಕಳು ಭಾರವನ್ನೆಲ್ಲ ಕೈ ಮೇಲೆ ಹಾಕ್ಬಿಡ್ತಾರೆ, ವಿಷಲ್ ಆದಾಗ ಆ ಭಾರ ಎತ್ತಿ ಆಮೇಲೆ ಕೈ ತಿರುಗಿಸ್ಬೇಕು, ಅಲ್ಲೇ ಲೇಟು. ಎಷ್ಟೋ ಸಲ ಎದುರಾಳಿ ಫಾಸ್ಟ್ ಅಂತ ಅನ್ಸೋದಕ್ಕೆ ಕಾರಣ ಇದೇ. ಭಾರ ಪಾದದ ಮುಂಭಾಗದಲ್ಲಿರ್ಲಿ, ಕೈ ಹಗುರ ಇರ್ಲಿ.

ಎರಡನೇದು, ವಿಷಲ್ ಊಹಿಸೋಕೆ ಹೋಗ್ಬೇಡಿ. ಓಟದ ಪಂದ್ಯದಲ್ಲಿ ಗನ್ ಸದ್ದಾಗಿ 0.1 ಸೆಕೆಂಡ್ ಒಳಗೆ ಹೊರಟ್ರೆ ಫಾಲ್ಸ್ ಸ್ಟಾರ್ಟ್ ಅಂತಾರಲ್ಲ, ಕಿವಿಗೆ ಬಿದ್ದು ಕೈಗೆ ಬರೋಕೆ ಅಷ್ಟಾದ್ರೂ ಟೈಮ್ ಬೇಕೇಬೇಕು ಅನ್ನೋ ಲೆಕ್ಕ ಅದು. ಇಲ್ಲೂ ಅಷ್ಟೇ, ವಿಷಲ್‌ಗಿಂತ ಮುಂಚೆ ಅಲುಗಿದ್ರೆ ಚೆಂಡು ಅವರಿಗೆ. ನಿಧಾನ ಇರೋ ಹುಡುಗ ಹೆದರಿ ಮುಂಚೆ ಅಲುಗ್ತಾನೆ, ಎರಡು ಸಲ ಹಾಗಾದ್ರೆ ಮೂರನೇ ಸಲ ಕೈಯೇ ಏಳಲ್ಲ.

ಮೂರನೇದು ವಿಷಲ್ ಆದ ಕ್ಷಣ. ಅವನ ಜೊತೆ ಕ್ಲಾಂಪ್ ರೇಸಿಗೆ ಇಳೀಬೇಡಿ. ಕೈ ತಿರುಗಿಸೋ ಬದಲು ನಿಮ್ಮ ಹೆಡ್‌ನ ನೆಲಕ್ಕೆ ಅಂಟಿದ ಹಾಗೆ ಸೀದಾ ಮುಂದಕ್ಕೆ ತಳ್ಳಿ, ಬಲ ಭುಜಾನೂ ಅದರ ಹಿಂದೇನೇ ಬರ್ಲಿ. ಅವನ ಹೆಡ್ ಪೂರ್ತಿ ಮಗುಚೋ ಮುಂಚೆ ನಿಮ್ಮ ಹೆಡ್ ಬೆಣೆ ಥರ ಸಿಕ್ಕಾಕ್ಕೊಳ್ಳತ್ತೆ. ಪೂರ್ತಿ ಮಗುಚದ ಕ್ಲಾಂಪ್ ಅಂದ್ರೆ ಚೆಂಡು ಭದ್ರ ಇಲ್ಲ ಅಂತ ಅರ್ಥ, ಅವನು ಎಳೆದ್ರೂ ಅದು ಅವನು ಅಂದ್ಕೊಂಡ ಕಡೆ ಹೋಗಲ್ಲ. ಪ್ಲಂಜರ್, ಜ್ಯಾಮ್ ಅಂತ ಇದಕ್ಕೆ ಹತ್ರ ಹತ್ರದ ಪಟ್ಟುಗಳಿಗೆ ಹೆಸರಿದೆ, ಒಬ್ಬೊಬ್ಬ ಕೋಚ್ ಒಂದೊಂದು ಥರ ಕರೀತಾರೆ. ರೇಕ್ ಅಂತ ಇನ್ನೊಂದಿದೆ, ಚೆಂಡನ್ನ ಪಕ್ಕಕ್ಕೆ ಗುಡಿಸಿ ಎಳೆಯೋದು, ಆದ್ರೆ ನಿಜವಾಗ್ಲೂ ಫಾಸ್ಟ್ ಇರೋನ ಮುಂದೆ ಅದು ನಡೆಯಲ್ಲ, ನೀವು ಗುಡಿಸೋ ಹೊತ್ತಿಗೆ ಅವನು ಮುಚ್ಚಿರ್ತಾನೆ.

ಇನ್ನು ನಾಕನೇದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಕಾಲು. ಅವನು ಕ್ಲಾಂಪ್ ಗೆದ್ದ ಅಂತ ಗೊತ್ತಾದ ತಕ್ಷಣ ಮಕ್ಕಳು ಮಾಡೋ ತಪ್ಪು ಒಂದೇ, ಸ್ಟಿಕ್ಕಿಂದ ಸ್ಟಿಕ್ ಕೆರೀತಾ ಅಲ್ಲೇ ನಿಂತಿರ್ತಾರೆ. ಕೈ ಬಿಟ್ಟು ಕಾಲಿಗೆ ಕೆಲಸ ಕೊಡಿ. ಒಂದು ಹೆಜ್ಜೆ ಸುತ್ತಿ ಹಾಕಿ, ನಿಮ್ಮ ಸೊಂಟ ಅವನ ಸೊಂಟಕ್ಕಿಂತ ಕೆಳಗಿರೋ ಹಾಗೆ ಒತ್ತಿ ನಿಲ್ಲಿ, ಅವನು ಚೆಂಡು ತೆಗೀಬೇಕು ಅಂತಿರೋ ದಾರಿಗೆ ನಿಮ್ಮ ಮೈ ಅಡ್ಡ ಬರ್ಬೇಕು. ಕುಸ್ತಿ ನೋಡಿದೋರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ, ತಗ್ಗಿರೋನನ್ನ ಅಲ್ಲಾಡಿಸೋದು ಕಷ್ಟ. ಹಿಂದಿನಿಂದ ತಳ್ಳೋ ಹಾಗಿಲ್ಲ, ಅವನ ಸ್ಟಿಕ್ ಕೈಯಲ್ಲಿ ಹಿಡಿಯೋ ಹಾಗಿಲ್ಲ, ಚೆಂಡು ಕೈಯಲ್ಲಿ ಮುಟ್ಟೋ ಹಾಗಂತೂ ಇಲ್ವೇ ಇಲ್ಲ. ಪಕ್ಕದಿಂದ, ಮುಂದಿನಿಂದ ಮೈ ಕೊಟ್ಟು ನಿಲ್ಲೋದು ಆಟದ ಭಾಗಾನೇ.

ಅವನು ಯಾವ ಕಡೆ ತೆಗೀತಾನೆ ಅಂತ ಹೆಂಗೆ ಗೊತ್ತಾಗತ್ತೆ ಅಂತ ಕೇಳ್ಬಹುದು. ಬರ್ಕೊಳ್ಳಿ. ಹೈಸ್ಕೂಲ್ ಮಟ್ಟದಲ್ಲಿ ಫಾಸ್ಟ್ ಇರೋ ಹುಡುಗರಲ್ಲಿ ತುಂಬಾ ಜನಕ್ಕೆ ಒಂದೋ ಎರಡೋ ಎಕ್ಸಿಟ್ಟೇ ಇರೋದು, ಕೈಯೇ ಗೆಲ್ಲಿಸ್ತಿರೋದ್ರಿಂದ ಬೇರೇದು ಕಲಿಯೋ ಅಗತ್ಯ ಅವರಿಗೆ ಬಂದಿರಲ್ಲ. ನಮ್ಮನೇಲಿ ನಾನು ಒಂದು ಪುಟ್ಟ ನೋಟ್‌ಬುಕ್ ಇಟ್ಕೊಂಡು ಪ್ರತಿ ಫೇಸ್‌ಆಫ್‌ಗೂ ಒಂದು ಬಾಣದ ಗುರುತು ಹಾಕ್ತಿದ್ದೆ, ಹಿಂದೆ, ಮುಂದೆ, ಎಡ, ಬಲ. ಹಾಫ್ ಟೈಮಿಗೆ ನೋಡಿದ್ರೆ ಮುಕ್ಕಾಲುಪಾಲು ಬಾಣ ಒಂದೇ ಕಡೆ ತಿರುಗಿರೋವು.

ಐದನೇದು ವಿಂಗ್‌ಗಳು. ಮಧ್ಯದಿಂದ 20 ಗಜ ದೂರದ ಗೆರೆ ಹತ್ರ, ಒಂದೊಂದು ಟೀಮಿಂದ ಒಂದೊಂದು ಕಡೆ ಒಬ್ಬೊಬ್ಬ ನಿಂತಿರ್ತಾನೆ, ವಿಷಲ್ ಆದ ತಕ್ಷಣ ಅವರಿಗೂ ಬಿಡುಗಡೆ. ಉಳಿದ ಅಟ್ಯಾಕ್, ಡಿಫೆನ್ಸ್ ಹುಡುಗರು ಯಾರಾದ್ರೂ ಒಬ್ಬರ ಕೈಗೆ ಚೆಂಡು ಸಿಕ್ಕೋವರೆಗೂ ತಮ್ಮ ಗೆರೆ ಹಿಂದೇನೇ. ಅಂದ್ರೆ ಮಧ್ಯದಲ್ಲಿ ಮೂರಕ್ಕೆ ಮೂರು. ನೀವು ಒಬ್ರೇ ಗೆಲ್ಲೋಕಾಗಲ್ಲ ಅನ್ನೋದಾದ್ರೆ ಚೆಂಡನ್ನ ಅಲ್ಲೇ ಎರಡು ಸೆಕೆಂಡ್ ಸಿಕ್ಕಾಕ್ಸಿ ಇಡಿ, ಅಷ್ಟೊತ್ತಿಗೆ ನಿಮ್ಮ ವಿಂಗ್ ಬಂದಿರ್ತಾನೆ. ಫೇಸ್‌ಆಫ್‌ಗೆ ಇಳಿಯೋ ಮುಂಚೆ "ಅವನು ಹಿಂದಕ್ಕೇ ತೆಗಿಯೋದು, ನೀನು ಅಲ್ಲಿಗೇ ಬಾ" ಅಂತ ಒಂದು ಮಾತು ಹೇಳಿ. ಒಂದು ವಿಂಗಿಗೆ ಲಾಂಗ್ ಪೋಲ್ ಹಿಡಿಯೋ ಹುಡುಗನ್ನ ಹಾಕೋಕೆ ಕೋಚನ್ನ ಕೇಳಿ, ಸಾಮಾನ್ಯ ಸ್ಟಿಕ್ 40ರಿಂದ 42 ಇಂಚು, ಅವನದು 72 ಇಂಚಿನವರೆಗೂ ಇರತ್ತೆ, ಹೊರಗೆ ಉರುಳಿದ ಚೆಂಡಿಗೆ ಆ ಉದ್ದ ಎಷ್ಟು ಉಪಯೋಗ ಅಂತ ಒಂದು ಮ್ಯಾಚಲ್ಲೇ ಗೊತ್ತಾಗತ್ತೆ.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಲ್ಲಿ ಲಕ್ರಾಸ್ ಇರತ್ತೆ, 2023ರ ಅಕ್ಟೋಬರಲ್ಲಿ ಮುಂಬೈಲಿ ನಡೆದ ಒಲಿಂಪಿಕ್ ಸಮಿತಿ ಮೀಟಿಂಗಲ್ಲೇ ಕ್ರಿಕೆಟ್ ಜೊತೆ ಇದನ್ನೂ ಒಪ್ಪಿದ್ದು. ಅಲ್ಲಿ ಆಡೋದು ಆರು ಜನರ ಸಿಕ್ಸಸ್ ಮಾದರಿ, ಗೋಲ್ ಆದ್ಮೇಲೆ ಫೇಸ್‌ಆಫ್ ಇಲ್ಲ, ಗೋಲ್‌ಕೀಪರೇ ಚೆಂಡು ತಗೊಂಡು ಆಟ ಮುಂದುವರಿಸ್ತಾನೆ. ಅದಕ್ಕೇ ಅದನ್ನ ನೋಡಿ ಫೇಸ್‌ಆಫ್ ಕಲಿಯೋಕಾಗಲ್ಲ, ಹತ್ತು ಜನರ ಕಾಲೇಜ್ ಮ್ಯಾಚ್ ನೋಡಿ. ಡೆನ್ವರ್ ಯೂನಿವರ್ಸಿಟಿ ಟೀಮಲ್ಲಿದ್ದ ಟ್ರೆವರ್ ಬ್ಯಾಪ್ಟಿಸ್ಟ್ ಫೇಸ್‌ಆಫ್‌ಗಳ ವಿಡಿಯೋ ಸಿಗತ್ತೆ, ಕೈ ನೋಡ್ಬೇಡಿ, ವಿಷಲ್ ಆದ್ಮೇಲೆ ಅವರ ಪಾದ ಎಲ್ಲೆಲ್ಲಿ ಹೋಗತ್ತೆ ಅಂತ ಸ್ಲೋ ಮೋಷನ್ನಲ್ಲಿ ನೋಡಿ.

ಮನೇಲಿ ಪ್ರಾಕ್ಟೀಸ್ ಹಿಂಗೆ ಮಾಡಿ. ಅಣ್ಣನೋ ಫ್ರೆಂಡೋ ಯಾರಾದ್ರೂ ಒಬ್ಬರು ಚೆಂಡನ್ನ ಮೊದಲೇ ಕ್ಲಾಂಪ್ ಮಾಡ್ಕೊಂಡು ಕೂರ್ಲಿ, ಅಂದ್ರೆ ನೀವು ಸೋತಾಗಿದೆ. ಅಲ್ಲಿಂದ "ಗೋ" ಅಂತ ಶುರು ಮಾಡಿ. ದಿನಕ್ಕೆ ಇಪ್ಪತ್ತು ಸಲ ಸಾಕು, ಅದಕ್ಕಿಂತ ಹೆಚ್ಚು ಮಾಡಿದ್ರೆ ಮಣಿಕಟ್ಟು ನೋವು ಬರ್ಬಹುದು. ನಾವು ಗ್ಯಾರೇಜ್ ಮುಂದೆ ಇದನ್ನೇ ಮಾಡಿದ್ದು, ಚೆಂಡು ಒತ್ಕೊಂಡು ಕೂರೋ ಕೆಲಸ ನನ್ನದು. ಮೊದಲ ವಾರ ಅವನು ಇಪ್ಪತ್ತರಲ್ಲಿ ಎರಡೋ ಮೂರೋ ಕಿತ್ಕೊಂಡ. ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ನನ್ನ ಕೈಲಿ ಹತ್ತು ಉಳಿಸ್ಕೊಳ್ಳೋಕೂ ಆಗ್ತಿರ್ಲಿಲ್ಲ.