ಕೌನ್ಸೆಲಿಂಗ್ ಓದಲು ಕ್ಯಾಲಿಫೋರ್ನಿಯಾಕ್ಕೆ: ಲೈಸೆನ್ಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ

ಕ್ಯಾಲಿಫೋರ್ನಿಯಾದಲ್ಲಿ ಆಪ್ತಸಮಾಲೋಚಕರಾಗಿ ಸ್ವತಂತ್ರವಾಗಿ ಕೆಲಸ ಮಾಡಬೇಕಾದರೆ ಸ್ನಾತಕೋತ್ತರ ಪದವಿಯೊಂದೇ ಸಾಲದು. ಪದವಿಯ ಮೇಲೆ ಕನಿಷ್ಠ 104 ವಾರ, ಒಟ್ಟು 3,000 ಗಂಟೆ ಮೇಲ್ವಿಚಾರಕರ ಕೈಕೆಳಗೆ ದುಡಿದು, ಎರಡು ಪರೀಕ್ಷೆ ಪಾಸು ಮಾಡಿದರೆ ‘ಲೈಸೆನ್ಸ್ಡ್ ಪ್ರೊಫೆಷನಲ್ ಕ್ಲಿನಿಕಲ್ ಕೌನ್ಸೆಲರ್’ (ಎಲ್‌ಪಿಸಿಸಿ) ಪಟ್ಟ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವುದು 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ತಾತ್ಕಾಲಿಕ ಅನುಮತಿ. ಎಂಜಿನಿಯರಿಂಗ್‌ನವರಿಗೆ ಸಿಗುವ 24 ತಿಂಗಳ ‘ಸ್ಟೆಮ್’ ವಿಸ್ತರಣೆ ಈ ಕೋರ್ಸ್‌ಗಿಲ್ಲ. 104 ವಾರದ ಕೆಲಸ 52 ವಾರದಲ್ಲಿ ಮುಗಿಯುವಂಥದ್ದಲ್ಲ. ಬ್ಯಾಂಕ್ ಸಾಲಕ್ಕೆ ಸಹಿ ಹಾಕುವ ಮುಂಚೆ ಈ ಲೆಕ್ಕ ಕಣ್ಣ ಮುಂದಿರಲಿ.

ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಗಂಡ ಅಥವಾ ಹೆಂಡತಿಯ ಎಚ್‌–1ಬಿ ಆಧಾರದ ಮೇಲೆ ಎಚ್‌–4 ಅವಲಂಬಿತ ವೀಸಾದಲ್ಲಿರುವವರು ಓದಬಹುದು, ಆದರೆ ಸಂಬಳದ ಕೆಲಸಕ್ಕೆ ಕೆಲಸದ ಅನುಮತಿಪತ್ರವಾದ ಇಎಡಿ ಕಾರ್ಡ್ ಬೇಕು. ಸಾಮಾನ್ಯವಾಗಿ ಸಂಗಾತಿಯ ಗ್ರೀನ್ ಕಾರ್ಡ್ ದಾರಿಯ ಐ–140 ಅರ್ಜಿ ಮಂಜೂರಾದ ಮೇಲಷ್ಟೇ ಅದು ಸಿಗುವುದು. ಓದಿ ಬೆಂಗಳೂರಿಗೆ ಮರಳುವ ಯೋಚನೆ ಇದ್ದರೆ ಇನ್ನೊಂದು ಮಾತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬುದಕ್ಕೆ ಪ್ರತ್ಯೇಕ ವ್ಯಾಖ್ಯೆಯಿದೆ. ಎಲ್‌ಪಿಸಿಸಿ ಇದೆ ಎಂದ ಮಾತ್ರಕ್ಕೆ ಆ ಹೆಸರು ಹಾಕಿಕೊಳ್ಳುವಂತಿಲ್ಲ. ಅದೇ ಗುರಿಯಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಕೋರ್ಸನ್ನು ಇಲ್ಲೇ ಓದುವುದು ಜಾಣತನ.

<b>ಕೋರ್ಸ್ ಆರಿಸುವಾಗ</b>

ಹೆಸರು ನೋಡಿ ಮೋಸ ಹೋಗುವವರೇ ಹೆಚ್ಚು. ಬರೀ ‘ಎಂ.ಎ. ಸೈಕಾಲಜಿ’ ಎಂದಿರುವ ಕೋರ್ಸ್ ಬಹುಪಾಲು ಲೈಸೆನ್ಸ್‌ಗೆ ಒಯ್ಯುವುದಿಲ್ಲ. ‘ಕೌನ್ಸೆಲಿಂಗ್ ಸೈಕಾಲಜಿ’ ಎಂದಿದ್ದರೂ ಅದು ವಿವಾಹ–ಕುಟುಂಬ ಚಿಕಿತ್ಸಕರ ಲೈಸೆನ್ಸ್‌ಗೆ ಹೊಂದಿಸಿದ್ದಿರಬಹುದು. ಆ ಲೈಸೆನ್ಸ್ ಕ್ಯಾಲಿಫೋರ್ನಿಯಾದಲ್ಲಿ ಬಹಳ ಹಳೆಯದು. ಕೌನ್ಸೆಲರ್ ಲೈಸೆನ್ಸ್ ಬಂದದ್ದು ತಡವಾಗಿ. ವರ್ಜೀನಿಯಾ 1976ರಲ್ಲೇ ಶುರು ಮಾಡಿದ್ದನ್ನು ಕ್ಯಾಲಿಫೋರ್ನಿಯಾ ಕಾನೂನಾಗಿಸಿದ್ದು 2009ರಲ್ಲಿ, ಐವತ್ತು ರಾಜ್ಯಗಳಲ್ಲಿ ಕಟ್ಟಕಡೆಗೆ.

ಎಲ್‌ಪಿಸಿಸಿಗೆ ಬೇಕಾದ್ದು 60 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್). ಅದರ ಒಡಲು ಹೀಗಿದೆ: 13 ಮೂಲ ವಿಷಯಗಳು ತಲಾ 3ರಂತೆ 39, ವಿಶೇಷ ವಿಷಯಗಳು 15, ಪ್ರಾಕ್ಟಿಕಮ್ (ಓದಿನ ಭಾಗವಾಗಿ ಕ್ಲೈಂಟ್‌ಗಳೊಂದಿಗೆ ಮಾಡುವ ಪ್ರಾಯೋಗಿಕ ಕೆಲಸ) 6. ಕಾಲೇಜಿನ ಪಠ್ಯಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಟಿಕ್ ಹಾಕಿ. ಅನುಮಾನ ಬಂದರೆ ‘ಈ ಪದವಿ ಎಲ್‌ಪಿಸಿಸಿಯ ಎಲ್ಲ ಶರತ್ತು ಪೂರೈಸುತ್ತದೆಯೇ?’ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಕಾಪಿಡಿ. ಫೋನಿನಲ್ಲಿ ‘ಯೆಸ್’ ಅಂದದ್ದು ಲೆಕ್ಕಕ್ಕಿಲ್ಲ. ಮುಂದೆ ಬೇರೆ ರಾಜ್ಯಕ್ಕೆ ಹೋಗುವ ಸಾಧ್ಯತೆ ಇದ್ದರೆ ಕೌನ್ಸೆಲಿಂಗ್ ಕೋರ್ಸ್‌ಗಳನ್ನು ಪರಿಶೀಲಿಸುವ ಸಂಸ್ಥೆ ‘ಕೇಕ್ರೆಪ್’ನ ಮಾನ್ಯತೆ ಇರುವ ಕೋರ್ಸ್ ಒಳ್ಳೆಯದು. ಒಹಾಯೊದಂಥ ರಾಜ್ಯ ಅದನ್ನೇ ಕೇಳುತ್ತದೆ.

ಶುಲ್ಕವನ್ನು ವರ್ಷದ ಲೆಕ್ಕದಲ್ಲಿ ನೋಡಬೇಡಿ. ಒಂದು ಯೂನಿಟ್‌ನ ಶುಲ್ಕವನ್ನು 60ರಿಂದ ಗುಣಿಸಿ. ಸೆಮಿಸ್ಟರ್‌ಗೆ 9 ಯೂನಿಟ್ ತೆಗೆದುಕೊಂಡರೆ ಏಳು ಸೆಮಿಸ್ಟರ್, 12 ಆದರೆ ಐದು. ಆ ಎರಡು ಸೆಮಿಸ್ಟರ್‌ಗಳ ವ್ಯತ್ಯಾಸದಲ್ಲಿ ಮನೆ ಬಾಡಿಗೆಯೇ ದೊಡ್ಡ ಮೊತ್ತ.

ಅರ್ಜಿಯ ಜತೆಗಿನ ಪ್ರಬಂಧದಲ್ಲಿ ‘ಚಿಕ್ಕಂದಿನಿಂದಲೂ ಜನರಿಗೆ ಸಹಾಯ ಮಾಡುವಾಸೆ’ ಎಂಬ ಸಾಲು ಬೇಡ. ಸಹಾಯವಾಣಿ, ಶಾಲೆ, ವ್ಯಸನಮುಕ್ತಿ ಕೇಂದ್ರ, ಎಲ್ಲಿ ಎಷ್ಟು ತಿಂಗಳು ಏನು ಮಾಡಿದಿರಿ, ಎಲ್ಲಿ ಎಡವಿದಿರಿ ಅದನ್ನು ಬರೆಯಿರಿ.

<b>ಪ್ರಾಕ್ಟಿಕಮ್ ಎಂಬ ಒರೆಗಲ್ಲು</b>

ಕ್ಲೈಂಟ್‌ಗಳೊಂದಿಗೆ ಮುಖಾಮುಖಿ ಕೂತ 280 ಗಂಟೆ ಬೇಕು. 15 ವಾರಗಳ ಎರಡು ಸೆಮಿಸ್ಟರ್‌ಗೆ ಹಂಚಿದರೆ ವಾರಕ್ಕೆ ಒಂಬತ್ತು ಗಂಟೆ ಚಿಲ್ಲರೆ. ಆದರೆ ಬರುತ್ತೇನೆಂದವರೆಲ್ಲ ಬರುವುದಿಲ್ಲ, ನಡುವೆ ರಜೆಯೂ ಬರುತ್ತದೆ. ಹನ್ನೆರಡಾದರೂ ಅಪಾಯಿಂಟ್‌ಮೆಂಟ್ ಕೊಡುವ ಕೇಂದ್ರ ಹುಡುಕಿ. ಕೇಂದ್ರವನ್ನು ಕಾಲೇಜೇ ಕೊಡಿಸುತ್ತದೆಯೋ ನೀವೇ ಹುಡುಕಬೇಕೋ ಎಂಬುದನ್ನು ಪ್ರವೇಶಕ್ಕೆ ಮುಂಚೆಯೇ ಕೇಳಿ. ವಿದ್ಯಾರ್ಥಿ ವೀಸಾದವರಾದರೆ, ಸಂಬಳ ಇರಲಿ ಬಿಡಲಿ, ಶುರು ಮಾಡುವ ಮುನ್ನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಸಿಪಿಟಿ (ಓದಿನ ಭಾಗವಾದ ಕೆಲಸಕ್ಕೆ ಬೇಕಾದ) ಅನುಮತಿಯ ವಿಷಯ ಇತ್ಯರ್ಥ ಮಾಡಿಕೊಳ್ಳಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಒಪಿಟಿಯೇ ಕೈತಪ್ಪುತ್ತದೆ.

ಕ್ಲೈಂಟ್‌ನ ಲಿಖಿತ ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡಿ, ಮೇಲ್ವಿಚಾರಕರ ಎದುರು ಕೇಳಿಸುವುದು ಅಲ್ಲಿನ ರೂಢಿ. ನಮ್ಮವರು ಎಡವುವ ಜಾಗ ಯಾವುದೆಂದರೆ, ‘ಅಮ್ಮನ ಫೋನ್ ಬಂದ್ರೆ ಸಾಕು, ಎದೆ ಢವಢವ ಅನ್ನುತ್ತೆ’ ಎಂದು ಕ್ಲೈಂಟ್ ಹೇಳುತ್ತಾರೆ. ‘ಹಾಗಾದ್ರೆ ವಾರಕ್ಕೊಂದೇ ಸಲ ಮಾತಾಡಿ’ ಎಂದು ವಿದ್ಯಾರ್ಥಿ ಥಟ್ಟನೆ ಪರಿಹಾರ ಕೊಡುತ್ತಾರೆ. ಮೇಲ್ವಿಚಾರಕರು ರೆಕಾರ್ಡಿಂಗನ್ನು ಅಲ್ಲೇ ನಿಲ್ಲಿಸುತ್ತಾರೆ. ‘ಫೋನ್ ಎತ್ತೋಕೆ ಮೊದಲೇ ಗಾಬರಿ ಶುರುವಾಗಿರುತ್ತೆ’ ಎಂದಷ್ಟೇ ಹೇಳಿ ಸುಮ್ಮನಿದ್ದಿದ್ದರೆ ಮುಂದಿನ ಮಾತು ಕ್ಲೈಂಟ್‌ನಿಂದಲೇ ಬರುತ್ತಿತ್ತು. ಕನ್ನಡದಲ್ಲಿ ‘ಆಪ್ತಸಲಹೆ’ ಎಂಬ ಪದವೂ ಚಾಲ್ತಿಯಲ್ಲಿದೆ. ಸಲಹೆ ಕೊಡುವ ಚಟಕ್ಕೆ ಆ ಹೆಸರೂ ಸ್ವಲ್ಪ ಕುಮ್ಮಕ್ಕು ಕೊಟ್ಟಂತಿದೆ.

<b>ಎರಡು ತೊಂಬತ್ತು</b>

ಪದವಿ ಮುಗಿಯುವ ಹೊತ್ತಿಗೆ ಎರಡು ಗಡುವುಗಳನ್ನು ಕಲಸಿಕೊಳ್ಳಬೇಡಿ. ಒಪಿಟಿ ಅರ್ಜಿಯನ್ನು ಕೋರ್ಸ್ ಮುಗಿಯುವ 90 ದಿನ ಮುಂಚಿನಿಂದ ಹಾಕಬಹುದು. 3,000 ಗಂಟೆಯ ಕೆಲಸಕ್ಕೆ ಬೇಕಾದ ಅಸೋಸಿಯೇಟ್ (ಎಪಿಸಿಸಿ) ನೋಂದಣಿಗೆ, ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್‌ಗೆ ಪದವಿ ಸಿಕ್ಕ 90 ದಿನದೊಳಗೆ ಅರ್ಜಿ ತಲುಪಬೇಕು. ತಲುಪಿದರೆ ನೋಂದಣಿ ಸಂಖ್ಯೆ ಬರುವ ಮುಂಚಿನ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ, ಆದರೆ ಕೆಲಸ ಕೊಟ್ಟ ಸಂಸ್ಥೆ ಮೊದಲೇ ಬೆರಳಚ್ಚು ತಪಾಸಣೆ ಮಾಡಿಸಿರಬೇಕು. ಸಂಖ್ಯೆ ಕೈಗೆ ಬರುವವರೆಗೆ ಪ್ರೈವೇಟ್ ಪ್ರಾಕ್ಟೀಸ್‌ನಲ್ಲಿ ಕೂರುವಂತಿಲ್ಲ.

<b>3,000 ಗಂಟೆ</b>

ಇದರಲ್ಲಿ ಕನಿಷ್ಠ 1,750 ನೇರ ಸಮಾಲೋಚನೆ, ಅಂದರೆ ವಾರಕ್ಕೆ ಸುಮಾರು 17 ಗಂಟೆ. ಟಿಪ್ಪಣಿ ಬರೆಯುವುದು, ಮೇಲ್ವಿಚಾರಣೆ, ಕಾರ್ಯಾಗಾರ ಎಲ್ಲ ಸೇರಿ 1,250 ಮೀರುವಂತಿಲ್ಲ. ವಾರಕ್ಕೊಂದು ಗಂಟೆ ವೈಯಕ್ತಿಕ ಅಥವಾ ಎರಡು ಗಂಟೆ ಗುಂಪು ಮೇಲ್ವಿಚಾರಣೆ ಬೇಕು. ಒಂದೇ ಕೇಂದ್ರದಲ್ಲಿ ಆ ವಾರದ ನೇರ ಸಮಾಲೋಚನೆ 10 ಗಂಟೆ ದಾಟಿತೋ, ಇನ್ನೊಂದು ಅವಧಿಯ ಮೇಲ್ವಿಚಾರಣೆ ಸೇರಿಸಬೇಕು. ಇದನ್ನು ಮರೆತು ತಿಂಗಳುಗಟ್ಟಲೆ ದುಡಿಮೆ ಕಳೆದುಕೊಳ್ಳುವವರಿದ್ದಾರೆ. ಮೇಲ್ವಿಚಾರಕರು ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷವಾದರೂ ಲೈಸೆನ್ಸ್ ಹೊಂದಿದವರಾಗಿರಬೇಕು; ಲೈಸೆನ್ಸ್ ಸಂಖ್ಯೆಯನ್ನು ಬೋರ್ಡ್‌ನ ವೆಬ್‌ಸೈಟಿನಲ್ಲಿ ನೀವೇ ನೋಡಿ. ‘1099’ ಎನ್ನುವ ಸ್ವತಂತ್ರ ಗುತ್ತಿಗೆಯ ಕೆಲಸ ನಡೆಯದು, ‘ಡಬ್ಲ್ಯೂ–2’ ಎನ್ನುವ ಸಂಬಳದ ಉದ್ಯೋಗಿ ಇಲ್ಲವೇ ಸ್ವಯಂಸೇವಕರಾಗಿರಬೇಕು. ವಾರದ ಲಾಗ್‌ಗೆ ವಾರವಾರವೂ ಸಹಿ ಹಾಕಿಸಿ. ಮೇಲ್ವಿಚಾರಕರು ಕೆಲಸ ಬಿಡುವ ಸುಳಿವು ಸಿಕ್ಕ ದಿನವೇ ಅನುಭವ ದೃಢೀಕರಣದ ನಮೂನೆಗೆ ಸಹಿ ಪಡೆಯಿರಿ.

ಕಾನೂನು ಮತ್ತು ನೈತಿಕತೆಯ ಪರೀಕ್ಷೆಯನ್ನು ಪಾಸಾಗುವವರೆಗೆ ಪ್ರತಿ ವರ್ಷ ಒಮ್ಮೆಯಾದರೂ ಬರೆಯದಿದ್ದರೆ ನೋಂದಣಿ ನವೀಕರಣವಾಗದು. ಎರಡನೆಯದು ಎನ್‌ಸಿಎಂಎಚ್‌ಸಿಇ ಎಂಬ ರಾಷ್ಟ್ರಮಟ್ಟದ ಕ್ಲಿನಿಕಲ್ ಕೌನ್ಸೆಲಿಂಗ್ ಪರೀಕ್ಷೆ: 11 ಪ್ರಕರಣಗಳ ಮೇಲೆ ಪ್ರಶ್ನೆ. ಬಾಯಿಪಾಠ ಇಲ್ಲಿ ನಡೆಯದು.

ಕೊನೆಗೊಂದು, ಬಹಳ ಮಂದಿಗೆ ತಡವಾಗಿ ಗೊತ್ತಾಗುವುದು. ಎಲ್‌ಪಿಸಿಸಿ ಸಿಕ್ಕರೂ ದಂಪತಿ, ಕುಟುಂಬಗಳಿಗೆ ಚಿಕಿತ್ಸೆ ಕೊಡಲು ಹೆಚ್ಚುವರಿ ತರಬೇತಿ ಬೇಕು: ಆ ವಿಷಯದಲ್ಲಿ 6 ಯೂನಿಟ್ ಓದು, ದಂಪತಿ, ಕುಟುಂಬ ಅಥವಾ ಮಕ್ಕಳೊಂದಿಗೆ 500 ಗಂಟೆಗಳ ಮೇಲ್ವಿಚಾರಣೆಯ ಅನುಭವ. ನಮ್ಮವರು ಬಂದರೆ ಅತ್ತೆ–ಸೊಸೆ, ಗಂಡ–ಹೆಂಡತಿ ಒಟ್ಟಿಗೇ ಬರುವುದು ಹೆಚ್ಚು. ಆ 6 ಯೂನಿಟ್‌ಗಳನ್ನು ವಿಶೇಷ ವಿಷಯಗಳ 15ರಲ್ಲೇ ಹೊಂದಿಸಿಕೊಳ್ಳಬಹುದೇ ಎಂದು ಮೊದಲ ಸೆಮಿಸ್ಟರ್‌ನಲ್ಲೇ ಸಲಹೆಗಾರ ಪ್ರಾಧ್ಯಾಪಕರನ್ನು ಕೇಳಿ.