ಗೊಬ್ಬರಗುಂಡಿಯ ಸತ್ವ ಹಳ್ಳಕ್ಕೆ ಹೋಗದಂತೆ: ಅಡಿಕೆ ತೋಟದವರಿಗೆ

ಮಳೆ ಹಿಡಿದ ಮೇಲೆ ಗೊಬ್ಬರಗುಂಡಿಯಿಂದ ಚಹಾ ಬಣ್ಣದ ನೀರು ಇಳಿಯುತ್ತಿದೆಯಾ? ಹೋಗುತ್ತಿರುವುದು ಬರೀ ಬಣ್ಣ ಅಲ್ಲ, ಪೊಟ್ಯಾಷ್ ಮತ್ತು ನೈಟ್ರೇಟ್. ಪೊಟ್ಯಾಷ್ ಎಲೆಯ ನಾರಿಗೆ ಅಂಟಿಕೊಂಡಿರುವುದಿಲ್ಲ. ಎಲೆ ಕೊಳೆಯುವ ಮೊದಲೇ ನೀರಿಗೆ ಬಿಟ್ಟುಕೊಡುತ್ತದೆ. ಶಿರಸಿ ಮಳೆಗೆ ಕೇಳಬೇಕೆ!

ಮೇ ಮುಗಿಯುವುದರೊಳಗೆ ಗುಂಡಿಗೆ ಸೋಗೆಯ ಮಾಡು ಹಾಕಿ, ಸುತ್ತ ಒಂದು ಗೇಣು ಎತ್ತರ ಮಣ್ಣಿನ ಬದು ಕಟ್ಟಿ. ಒಂದಡಿ ದರಕಿಗೆ (ಉದುರಿದ ಒಣ ಎಲೆ) ಮೂರ್ನಾಲ್ಕು ಇಂಚು ಸಗಣಿ, ನಡುವೆ ಹಸಿ ಸೊಪ್ಪು. ಬರೀ ದರಕು ತುಂಬಿದರೆ ಸಾರಜನಕ ಸಾಲದೆ ರಾಶಿ ಬಿಸಿಯೇ ಆಗುವುದಿಲ್ಲ. ಹಿಡಿ ಗೊಬ್ಬರ ಹಿಂಡಿದಾಗ ಒಂದೆರಡು ಹನಿ ಬಂದರೆ ತೇವ ಸರಿ. ಧಾರೆ ಬಂದರೆ ಗಾಳಿಯಾಡದೆ ನಾರುತ್ತದೆ.

ಮರಕ್ಕೆ ವರ್ಷಕ್ಕೆ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಕಾಂಪೋಸ್ಟ್ ಶಿಫಾರಸು. ಜುಲೈ ಅಬ್ಬರದಲ್ಲಿ ಹಾಕುವ ಬದಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬುಡಕ್ಕೆ ಕೊಡಿ. ಬಸಿಗಾಲುವೆ ಮುಚ್ಚಿ ಬುಡದಲ್ಲಿ ನೀರು ನಿಂತರೆ ಬೇರು ಉಸಿರಾಡದು, ಗೊಬ್ಬರ ಎಷ್ಟಿದ್ದರೂ ವ್ಯರ್ಥ.

ಅಡಿಕೆ ಸಿಪ್ಪೆ ಸುಡಬೇಡಿ, ಸಾರಜನಕ ಹೊಗೆಯಾಗುತ್ತದೆ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ದರಕನ್ನೂ ಪೂರ್ತಿ ಗುಡಿಸಬೇಡಿ: ನೆಲ ಬೋಳಾದರೆ ಮಳೆನೀರು ಇಂಗುವುದಿಲ್ಲ, ಬೇಸಿಗೆಗೆ ತೋಟದ ಒರತೆ ಬೇಗ ಬತ್ತುತ್ತದೆ.